ಬಂಜೆತನ ಯಾರದು?



ಮಕ್ಕಳಿಲ್ಲದ ಹೆಣ್ಣುಮಗಳನ್ನು ಕರೆಯುವುದಕ್ಕೆ ನಮ್ಮ ಕನ್ನಡದಲ್ಲಿ 'ಬಂಜೆ' ಎಂಬ ಮಾತೊಂದು ಸಿದ್ಧವಾಗಿದೆ. 'ಗೊಡ್ಡು' ಎಂಬ ಇನ್ನೊಂದು ಮಾತುಂಟು. ಅದು ದನಕ್ಕೂ ಸಲ್ಲುತ್ತದೆ, ಹೆಣ್ಣಿಗೂ ಸಲ್ಲುತ್ತದೆ. ಮಕ್ಕಳಿಲ್ಲದ ಗಂಡಸಿಗೆ ಅಂಥ ಮಾತು ಯಾವುದೆಂದು ಒಂದು ಕ್ಷಣ ಯೋಚಿಸಿ ನೋಡಿರಿ. 'ಷಂಡ', 'ನಪುಂಸಕ' ಎಂಬವು ನಿಮ್ಮ ನೆನಪಿಗೆ ಬರಬಹುದು. ಆದರೆ ಅವು ದಾಂಪತ್ಯಕ್ಕೆ ಅಸಮರ್ಥನಾದವನನ್ನು ಹೇಳುತ್ತವೆಯೇ ಹೊರತು, ದಾಂಪತ್ಯದಲ್ಲಿ ಯಾವ ಕೊರತೆಯೂ ಇಲ್ಲದೆ, ಮೈತುಂಬ ಆರೋಗ್ಯವಿದ್ದು, ಹೊಲಮನೆಗಳನ್ನು ಹತ್ತಾಳಿನ ಶಕ್ತಿಯಿಂದ ನಡೆಸುತ್ತಿದ್ದರೂ ಸಂತಾನವನ್ನು ಕೊಡಲಾರದವನನ್ನು ಹೇಳುವುದಿಲ್ಲ. ಅಂಥವನಿಗೆ ನಮ್ಮ ಆಡುಮಾತಿನಲ್ಲಿ ಹೆಸರೇ ಇಲ್ಲ. ಹೆಸರಿಲ್ಲದ್ದು ಇಲ್ಲವೆಂದೇ ಜನ ತಿಳಿಯುತ್ತಾರೆ. ಆದುದರಿಂದಲೇ ಮದುವೆಯಾಗಿ ಮೂರು ವರ್ಷ ಕಳೆದು ತೊಟ್ಟಿಲು ತೂಗದಿದ್ದರೆ ಊರ ಕಣ್ಣು ಸೊಸೆಯ ಮೇಲೆ ಬೀಳುತ್ತದೆ. ಮಗನ ಮೇಲೆ ಬೀಳುವುದಿಲ್ಲ.

ಇದು ಕೇವಲ ಮಾತಿನ ಕೊರತೆಯಾಗಿದ್ದರೆ ಈ ಲೇಖನದ ಅಗತ್ಯವಿರಲಿಲ್ಲ. ಆ ಕೊರತೆಯಿಂದ ಎಷ್ಟು ಅನ್ಯಾಯ ಹುಟ್ಟಿದೆ, ಅದನ್ನು ನಮ್ಮ ಮನೆತನಗಳ ಚರಿತ್ರೆ ಹೇಗೆ ಮುಚ್ಚಿಟ್ಟುಕೊಂಡಿದೆ, ಹಾಗೆ ಮುಚ್ಚಿಡುವುದು ಇಂದು ಧರ್ಮವೋ ಅಧರ್ಮವೋ ಎಂಬುದನ್ನು ನಿಮ್ಮೊಡನೆ ವಿಚಾರಿಸಬೇಕೆಂಬುದು ನನ್ನ ಆಶಯ.

ನಮ್ಮ ಓದುಗರಲ್ಲಿ ಅನೇಕರು ಒಕ್ಕಲುತನದ ಮನೆಗಳಿಂದ ಬಂದವರು. ಮುಂಗಾರಿಗೆ ಮೊದಲು ಮನೆಯ ಹಿರಿಯರು ಒಂದು ಹಿಡಿ ಜೋಳವನ್ನು ಒದ್ದೆಬಟ್ಟೆಯಲ್ಲಿ ಕಟ್ಟಿಟ್ಟು, ನೂರು ಕಾಳಿಗೆ ಎಷ್ಟು ಮೊಳೆತವೆಂದು ಎಣಿಸುವುದನ್ನು ನೀವು ಕಂಡಿರಬಹುದು. ಬಿತ್ತಿದ್ದು ಹುಟ್ಟದಿದ್ದರೆ ಒಕ್ಕಲಿಗನು ಹೊಲವನ್ನು ಬೈಯುವುದಿಲ್ಲ. ಬೀಜ ಎಲ್ಲಿಂದ ತಂದೆ, ಹುಳು ಹಿಡಿದಿತ್ತೇ, ಹಳೆಯದಾಗಿತ್ತೇ ಎಂದು ಮೊದಲು ಕೇಳುತ್ತಾನೆ. ಹೊಲದಲ್ಲಿ ಇಷ್ಟು ವಿವೇಕವುಳ್ಳವನು ಮನೆಯೊಳಗೆ ಬಂದೊಡನೆ ಅದನ್ನು ಹೊಸ್ತಿಲಾಚೆ ಬಿಟ್ಟು ಬರುವುದು ಸೋಜಿಗವಲ್ಲವೇ? ಹೆಣ್ಣನ್ನು ಕ್ಷೇತ್ರವೆಂದೂ ಗಂಡನ್ನು ಬೀಜವೆಂದೂ ಕರೆದವರು ನಮ್ಮ ಸ್ಮೃತಿಕಾರರು. ಆ ಹೋಲಿಕೆಯೇ ಸರಿಯಲ್ಲ, ಮಗುವಿನಲ್ಲಿ ತಾಯಿಯ ಪಾಲು ತಂದೆಯ ಪಾಲಿಗೆ ಸಮನಾದದ್ದು. ಆದರೂ ಹೋಲಿಕೆಯನ್ನು ಒಪ್ಪಿಕೊಂಡವರು ಅದನ್ನು ಕೊನೆಯವರೆಗೆ ನಡೆಸಬೇಕಿತ್ತು. ಬೀಜವನ್ನು ಪರೀಕ್ಷಿಸಲೇ ಇಲ್ಲ.

ಪರೀಕ್ಷಿಸುವ ಸಾಧನ ಬಹುಕಾಲ ಇರಲಿಲ್ಲವೆಂಬುದೂ ನಿಜ. ಹಾಲೆಂಡಿನ ಬಟ್ಟೆವ್ಯಾಪಾರಿ ಲೇವೆನ್‌ಹುಕ್ಕನು ತಾನೇ ಉಜ್ಜಿ ಮಾಡಿದ ಮಸೂರದಿಂದ ವೀರ್ಯಾಣುಗಳನ್ನು ಕಂಡದ್ದು 1677ರಲ್ಲಿ. ಅದಕ್ಕೆ ಮೊದಲು ಯಾರೂ ಅವನ್ನು ನೋಡಿರಲಿಲ್ಲ. ಇಂದು ತಾಲೂಕು ಕೇಂದ್ರದ ಸಾಮಾನ್ಯ ಪ್ರಯೋಗಾಲಯದಲ್ಲಿಯೂ ಆ ಪರೀಕ್ಷೆ ಸಾಧ್ಯ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಹೊರತಂದ ಕೈಪಿಡಿಯಂತೆ ಒಂದು ಮಿಲಿಲೀಟರಿಗೆ 160 ಲಕ್ಷ ವೀರ್ಯಾಣುಗಳೆಂಬುದು ಕೆಳಗಿನ ಗಡಿ. ಅದರೊಡನೆ ಅವುಗಳ ಚಲನೆಯನ್ನೂ ಆಕಾರವನ್ನೂ ನೋಡುತ್ತಾರೆ. ಒಂದು ವೀರ್ಯಾಣು ಸಿದ್ಧವಾಗುವುದಕ್ಕೆ ಸುಮಾರು ಎರಡೂವರೆ ತಿಂಗಳು ಬೇಕಾಗುವುದರಿಂದ, ನಡುವೆ ಜ್ವರವೋ ಕಾಯಿಲೆಯೋ ಬಂದಿದ್ದರೆ ಲೆಕ್ಕ ಕುಗ್ಗುತ್ತದೆ. ಆದುದರಿಂದ ಒಂದೇ ಪರೀಕ್ಷೆಯಿಂದ ತೀರ್ಪು ಕೊಡದೆ ಕೆಲವು ವಾರಗಳ ಅನಂತರ ಮತ್ತೊಮ್ಮೆ ನೋಡುವುದು ವೈದ್ಯರ ಕ್ರಮ. ಹೀಗೆ ನೋಡುತ್ತಾ ಬಂದಾಗ ತಿಳಿದುಬಂದದ್ದೇನೆಂದರೆ, ಮಕ್ಕಳಾಗದ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಕಡೆ ಗಂಡಿನ ಕಡೆಯ ಕಾರಣವೊಂದು, ಒಂಟಿಯಾಗಿಯೋ ಹೆಣ್ಣಿನ ಕಡೆಯ ಕಾರಣದೊಡನೆ ಕೂಡಿಯೋ, ಇದ್ದೇ ಇರುತ್ತದೆ. ಅಂದರೆ ಇಷ್ಟು ಕಾಲ ನಾವು ಹೆಣ್ಣಿನ ತಲೆಗೆ ಕಟ್ಟಿದ ಹೊರೆಯಲ್ಲಿ ಅರ್ಧ ಗಂಡಿನದು.

ಪರೀಕ್ಷೆಯಾದರೂ ಎಷ್ಟು ಸುಲಭವಾದದ್ದು! ಕೊಯ್ತವಿಲ್ಲ, ನೋವಿಲ್ಲ, ಖರ್ಚು ಅಲ್ಪ. ಆದರೂ ಏನಾಗುತ್ತದೆ? ಹೆಂಡತಿಯ ಹೊಟ್ಟೆಯೊಳಗೆ ದುರ್ಬೀನು ಇಳಿಸಿ ನೋಡುತ್ತಾರೆ, ನಳಿಕೆಗಳಿಗೆ ಔಷಧಿ ಹಾಯಿಸಿ ಚಿತ್ರ ತೆಗೆಯುತ್ತಾರೆ, ವರ್ಷಗಟ್ಟಲೆ ಗುಳಿಗೆ ಸೂಜಿಗಳನ್ನು ಕೊಡಿಸುತ್ತಾರೆ, ಹರಕೆ ಹೊರಿಸುತ್ತಾರೆ, ಉಪವಾಸ ಹಾಕಿಸುತ್ತಾರೆ; ಗಂಡನಾದವನು ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ ಕುಳಿತು ಎಲೆಅಡಿಕೆ ತಂಬಾಕು ಹಾಕಿಕೊಳ್ಳುತ್ತಿರುತ್ತಾನೆ. (ಆ ತಂಬಾಕೂ ವೀರ್ಯಕ್ಕೆ ಒಳ್ಳೆಯದಲ್ಲವೆಂಬುದನ್ನು ಅವನಿಗೆ ಯಾರೂ ಹೇಳಿರುವುದಿಲ್ಲ.) ಹೆಣ್ಣಿಗೆ ಮೂವತ್ತೈದು ದಾಟಿತೆಂದರೆ ಗರ್ಭ ನಿಲ್ಲುವ ಸಾಧ್ಯತೆ ವರ್ಷವರ್ಷಕ್ಕೂ ಇಳಿಯುತ್ತದೆ. ಗಂಡನ ಅಭಿಮಾನ ತಿಂದುಹಾಕಿದ ವರ್ಷಗಳನ್ನು ಅವಳಿಗೆ ಮರಳಿ ಕೊಡುವವರಾರು?

ಇನ್ನು ಮನೆತನದ ಚರಿತ್ರೆಗೆ ಬರೋಣ.

ನಮ್ಮ ನಾಡಿನಲ್ಲಿ ಹೆಳವರೆಂಬ ಜನರಿದ್ದಾರೆ. ಎತ್ತಿನ ಮೇಲೆ ಕುಳಿತು ಊರೂರಿಗೆ ಬಂದು, ಒಂದೊಂದು ಮನೆಯ ಮೂಲಪುರುಷನಿಂದ ಮೊದಲುಗೊಂಡು ತಲೆಮಾರುಗಳನ್ನು ಹಾಡಿನಂತೆ ಹೇಳಿ ಕಾಳುಕಡಿ ಪಡೆದು ಹೋಗುವುದು ಅವರ ವೃತ್ತಿ. ಅಂಥ ವಂಶಾವಳಿಯೊಂದನ್ನು ನೀವು ಗಮನವಿಟ್ಟು ಕೇಳಿದರೆ, ಒಬ್ಬನಿಗೆ ನಾಲ್ವರು ಮಕ್ಕಳು, ನಾಲ್ವರಲ್ಲಿ ಮೂವರಿಗೆ ಇಷ್ಟಿಷ್ಟು ಸಂತತಿ, ನಾಲ್ಕನೆಯವನ ಹೆಸರು ಬಂದು ಅಲ್ಲಿಗೆ ನಿಂತುಬಿಡುವುದು ಕಿವಿಗೆ ಬೀಳುತ್ತದೆ. ಏಕೆ ನಿಂತಿತೆಂಬುದು ಅದರಲ್ಲಿಲ್ಲ. ಆ ಕಾರಣವನ್ನು ಮನೆಯ ಮುದುಕಿಯರು ಅಡುಗೆಮನೆಯಲ್ಲಿ ಹೇಳಿಕೊಳ್ಳುತ್ತಿದ್ದರು; ಅವರು ಹೇಳುತ್ತಿದ್ದದ್ದೂ ಬಹುಮಟ್ಟಿಗೆ 'ಬಂದವಳ ಕಾಲ್ಗುಣ' ಎಂದೇ. ಒಬ್ಬಳಿಗೆ ಆಗಲಿಲ್ಲವೆಂದು ಇನ್ನೊಬ್ಬಳನ್ನು ತಂದರು, ಅವಳಿಗೂ ಆಗಲಿಲ್ಲವೆಂದು ಮೂರನೆಯವಳನ್ನು ತಂದರು. ಮೂರು ಹೊಲಗಳೂ ಬರಡೆಂದರೆ ಬಿತ್ತಿದವನ ಕೈಯನ್ನು ನೋಡಬೇಕೆಂದು ಯಾರಿಗೂ ಹೊಳೆಯಲಿಲ್ಲವೋ, ಹೊಳೆದರೂ ಬಾಯಿ ಬರಲಿಲ್ಲವೋ! ಮುಂಬಯಿ ಪ್ರಾಂತ್ಯದಲ್ಲಿ 1946ರಲ್ಲಿಯೂ ದೇಶಾದ್ಯಂತ 1955ರ ಹಿಂದೂ ವಿವಾಹ ಕಾಯಿದೆಯಿಂದಲೂ ಎರಡನೆಯ ಹೆಂಡತಿಯನ್ನು ತರುವುದು ಅಪರಾಧವಾಯಿತು. ಕಾಯಿದೆ ಸವತಿಯನ್ನು ತಡೆಯಿತು. ಬಂಜೆಯೆಂಬ ಮಾತನ್ನು ತಡೆಯುವುದು ಕಾಯಿದೆಯ ಕೈಯಲ್ಲಿರಲಿಲ್ಲ.

ಇಲ್ಲಿ ಜಾಣ ಓದುಗರೊಬ್ಬರು ಕೇಳಬಹುದು: ಮಕ್ಕಳಾಗದಿರುವುದು ಮನೆತನದಲ್ಲಿ ಹರಿದುಬರುವುದೆಂದರೇನು? ಮಕ್ಕಳಿಲ್ಲದವನು ತನ್ನ ಕೊರತೆಯನ್ನು ಯಾರಿಗೆ ಕೊಟ್ಟಾನು? ಪ್ರಶ್ನೆ ಯೋಗ್ಯವಾದದ್ದು. ಉತ್ತರ ಒಂದಲ್ಲ.

ಕೆಲವು ದೋಷಗಳು ತಾಯಿಯ ಮೂಲಕ ಬರುತ್ತವೆ. ಹೆಣ್ಣಿನಲ್ಲಿ ಎರಡು ಎಕ್ಸ್ ವರ್ಣತಂತುಗಳಿರುವುದರಿಂದ ಒಂದರಲ್ಲಿ ದೋಷವಿದ್ದರೂ ಇನ್ನೊಂದು ಅದನ್ನು ಮರೆಮಾಡುತ್ತದೆ, ಅವಳಿಗೆ ಮಕ್ಕಳಾಗುತ್ತವೆ. ಅವಳ ಮಗನಿಗೆ ಇರುವುದು ಒಂದೇ ಎಕ್ಸ್; ದೋಷವುಳ್ಳದ್ದೇ ಅವನ ಪಾಲಿಗೆ ಬಂದರೆ ಅವನಲ್ಲಿ ಅದು ಪ್ರಕಟವಾಗುತ್ತದೆ. ಆದುದರಿಂದ ಬಲ್ಲ ವೈದ್ಯನು 'ನಿಮ್ಮ ಸೋದರಮಾವಂದಿರಲ್ಲಿ ಮಕ್ಕಳಿಲ್ಲದವರು ಇದ್ದರೇ?' ಎಂದು ಕೇಳುತ್ತಾನೆ. ಹೆಳವರ ವಂಶಾವಳಿಯಲ್ಲಿ ಇದಕ್ಕೆ ಉತ್ತರ ಸಿಗುವುದು ಕಷ್ಟ, ಏಕೆಂದರೆ ಅದು ತಂದೆಯ ಗೆರೆಯನ್ನು ಹಿಡಿದು ನಡೆಯುವಂಥದು. ಇನ್ನು ಕೆಲವು ದೋಷಗಳು ತಂದೆತಾಯಿ ಇಬ್ಬರಲ್ಲಿಯೂ ಸುಪ್ತವಾಗಿದ್ದು, ಎರಡೂ ಕೂಡಿದ ಮಗನಲ್ಲಿ ಮಾತ್ರ ತಲೆಯೆತ್ತುತ್ತವೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಕೊಟ್ಟು ತರುವ ಸಂಬಂಧಗಳಲ್ಲಿ ಹೀಗೆ ಕೂಡುವ ಸಂಭವ ಹೆಚ್ಚೆಂಬುದನ್ನು ನಾವು ಮರೆಯಬಾರದು. ವೀರ್ಯನಾಳಗಳೇ ಇಲ್ಲದೆ ಹುಟ್ಟುವ ಕೆಲವರಲ್ಲಿ ಕಾರಣ ಈ ಬಗೆಯದು. ವೃಷಣದಲ್ಲಿ ಬೀಜ ತಯಾರಾಗುತ್ತದೆ, ಹೊರಬರುವ ದಾರಿಯಿಲ್ಲ. ಮತ್ತೆ ಕೆಲವು ಹೊಸದಾಗಿಯೇ ಹುಟ್ಟುತ್ತವೆ. ಒಂದು ಎಕ್ಸ್ ಹೆಚ್ಚಾಗಿ ಹುಟ್ಟುವ, 1942ರಲ್ಲಿ ಕ್ಲೈನ್‌ಫೆಲ್ಟರ್ ಎಂಬ ವೈದ್ಯನು ವರ್ಣಿಸಿದ ಸ್ಥಿತಿ ಅಂಥದು. 500ರಿಂದ 1000 ಗಂಡುಮಕ್ಕಳಲ್ಲಿ ಒಬ್ಬನಿಗೆ ಅದಿರುತ್ತದೆ, ಮನೆತನಕ್ಕೂ ಅದಕ್ಕೂ ಸಾಮಾನ್ಯವಾಗಿ ಸಂಬಂಧವಿಲ್ಲ.

ವಂಶಕ್ಕೆ ಸೇರದ ಕಾರಣಗಳೂ ಬೇಕಾದಷ್ಟಿವೆ. ಹರೆಯದಲ್ಲಿ ಬಂದ ಮಂಗನಬಾವು ವೃಷಣಕ್ಕಿಳಿದದ್ದು, ಎಳೆಯ ಮಗುವಿನಲ್ಲಿ ವೃಷಣ ಚೀಲಕ್ಕೆ ಇಳಿಯದೆ ಹೊಟ್ಟೆಯಲ್ಲಿಯೇ ಉಳಿದದ್ದು, ಅಲ್ಲಿಯ ನರಗಳು ಊದಿಕೊಂಡದ್ದು, ಕುಲುಮೆಯ ಅಥವಾ ಭಟ್ಟಿಯ ಮುಂದೆ ದಿನವಿಡೀ ದುಡಿದದ್ದು. ಇವುಗಳಲ್ಲಿ ಕೆಲವಕ್ಕೆ ಚಿಕಿತ್ಸೆ ಉಂಟು. ಆದರೆ ಮಗನಿಗೆ ಎರಡನೆಯ ವಯಸ್ಸಿನಲ್ಲಿ ಏನಾಗಿತ್ತೆಂಬುದು ಅವನಿಗೆ ನೆನಪಿರುವುದಿಲ್ಲ. ತಾಯಿಗೆ, ಅಜ್ಜಿಗೆ ನೆನಪಿರುತ್ತದೆ. ಸೊಸೆಯನ್ನು ಬೈಯುವ ಅದೇ ಅತ್ತೆಯ ನೆನಪಿನಲ್ಲಿ ಕಾರಣ ಅಡಗಿರಬಹುದು! ಆಕೆಯನ್ನು ಯಾರೂ ಕೇಳುವುದಿಲ್ಲ.

ಇವೆಲ್ಲಕ್ಕಿಂತ ವಿಚಾರಕ್ಕೆ ಹಚ್ಚುವಂಥದು ವೈ ವರ್ಣತಂತುವಿನ ಸಂಗತಿ. ತಂದೆಯಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಹರಿಯುವ ತಂತು ಇದು. ನಾವು ವಂಶವೆಂದು ಕರೆಯುವುದಕ್ಕೆ ದೇಹದಲ್ಲಿ ಒಂದು ಗುರುತಿದ್ದರೆ ಇದೇ. 1976ರಲ್ಲಿ ಇಟಲಿಯ ಇಬ್ಬರು ವಿಜ್ಞಾನಿಗಳು, ಈ ತಂತುವಿನ ಒಂದು ತುಣುಕು ಕಳಚಿಹೋದ ಪುರುಷರಲ್ಲಿ ವೀರ್ಯಾಣುಗಳೇ ಇಲ್ಲವೆಂಬುದನ್ನು ಕಂಡರು. ವೀರ್ಯಾಣುಗಳ ಉತ್ಪತ್ತಿಯೇ ನಿಂತುಹೋದವರಲ್ಲಿ ನೂರಕ್ಕೆ ಸುಮಾರು 8ರಿಂದ 12 ಜನರಿಗೆ ಇಂಥ ಲೋಪವಿರುತ್ತದೆ. ಹಿಂದೆ ಈ ಲೋಪ ಬಹುಮಟ್ಟಿಗೆ ಅವರೊಡನೆಯೇ ಮುಗಿಯುತ್ತಿತ್ತು. 1992ರಲ್ಲಿ ಬ್ರಸೆಲ್ಸ್ ನಗರದ ವೈದ್ಯರು ಒಂದೇ ಒಂದು ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಗೆ ಸೇರಿಸಿ ಮಗುವನ್ನು ಪಡೆಯುವ ವಿಧಾನವನ್ನು ಪ್ರಕಟಿಸಿದರು. ಅಂದಿನಿಂದ ಲೋಪವುಳ್ಳ ಕೆಲವರಿಗೂ, ವೃಷಣದಲ್ಲಿ ನಾಲ್ಕು ವೀರ್ಯಾಣುಗಳು ದೊರೆತರೆ ಸಾಕು, ತಂದೆಯಾಗುವ ಭಾಗ್ಯ ಬಂದಿತು. ಆದರೆ ಹಾಗೆ ಹುಟ್ಟಿದ ಪ್ರತಿಯೊಬ್ಬ ಗಂಡುಮಗುವೂ ತಂದೆಯ ಅದೇ ವೈ ತಂತುವನ್ನು, ಅದೇ ಲೋಪವನ್ನು, ಪಡೆಯುತ್ತಾನೆ. ಮಕ್ಕಳಾಗದಿರುವುದೇ ತಂದೆಯಿಂದ ಮಗನಿಗೆ ಬರುವ ಆಸ್ತಿಯಾಯಿತು!

ಗೊತ್ತಿದ್ದೂ ಹಾಗೆ ಮಗನನ್ನು ಪಡೆಯುವುದು ತಪ್ಪೇ? ತಪ್ಪೆಂದು ನಾನು ಹೇಳಲಾರೆ. ಆ ಮಗನಿಗೆ ಬಾಳುವುದಕ್ಕೆ, ದುಡಿಯುವುದಕ್ಕೆ, ಶಿವಯೋಗವನ್ನು ಸಾಧಿಸುವುದಕ್ಕೆ ಈ ಲೋಪ ಅಡ್ಡಿಯಲ್ಲ. ಹುಟ್ಟದೆ ಇರುವುದಕ್ಕಿಂತ ಹೀಗೆ ಹುಟ್ಟುವುದು ಅವನಿಗೆ ಕೇಡೆಂದು ಹೇಳುವ ಅಧಿಕಾರ ನಮಗಿಲ್ಲ. ಆದರೆ ಆ ಮಗನು ಇಪ್ಪತ್ತೈದಕ್ಕೆ ಬಂದು, ಮದುವೆಯಾಗಿ, ತನ್ನ ಹೆಂಡತಿಯನ್ನು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಸುತ್ತಿರುವಾಗ, ಕಾರಣವನ್ನು ಬಲ್ಲ ತಂದೆಯು ಬಾಯಿಮುಚ್ಚಿಕೊಂಡಿದ್ದರೆ ಅದು ತಪ್ಪು. ಅಲ್ಲಿ ಮೌನಕ್ಕೆ ಮರ್ಯಾದೆಯೆಂಬ ಹೆಸರು ಸಲ್ಲದು.

ವಂಶ ಮುಂದುವರಿಯಬೇಕೆಂಬ ಹಂಬಲಕ್ಕೆ ನಮ್ಮ ಪೂರ್ವಿಕರು ಏನೇನು ಮಾಡಿದರೆಂಬುದನ್ನು ನೀವು ಬಲ್ಲಿರಿ. ಭಾರತದ ಕಥೆ ನಿಂತಿರುವುದೇ ಇದರ ಮೇಲೆ. ವಿಚಿತ್ರವೀರ್ಯನು ಮಕ್ಕಳಿಲ್ಲದೆ ಸತ್ತನು, ವ್ಯಾಸರಿಂದ ಅವನ ಹೆಂಡಂದಿರಿಗೆ ಮಕ್ಕಳಾದರು. ಪಾಂಡುವಿಗೆ ಶಾಪ, ಕುಂತಿಗೆ ಮಂತ್ರ. ಕುರುವಂಶವೆಂದು ಕಾದಾಡಿದವರಲ್ಲಿ ಕುರುವಿನ ರಕ್ತ ಎಷ್ಟಿತ್ತು? ಭೈರಪ್ಪನವರ 'ವಂಶವೃಕ್ಷ'ದಲ್ಲಿ (1965) ವಂಶಶುದ್ಧಿಗಾಗಿ ಬಾಳಿಡೀ ಬಿಗಿಯಾಗಿ ನಿಂತ ಶ್ರೀನಿವಾಸ ಶ್ರೋತ್ರಿಗಳು ತಮ್ಮ ಹುಟ್ಟಿನ ನಿಜವನ್ನು ಅರಿತು ತತ್ತರಿಸುವುದನ್ನು ಓದಿದವರು ಅದನ್ನು ಮರೆತಿರಲಾರರು. ಈ ಕಥೆಗಳೆಲ್ಲ ಗಂಡಿನ ಕೊರತೆಯನ್ನು ಬಲ್ಲವು. ಆದರೆ ಆ ಕೊರತೆಯನ್ನು ತುಂಬಿಕೊಡುವ ಕೆಲಸ ಹೆಣ್ಣಿನ ಮೇಲೆಯೇ ಬೀಳುತ್ತದೆ, ಅವಳನ್ನು ಕೇಳಿ ಮಾಡಿದ್ದು ಕಡಿಮೆ. ಅಂಬಿಕೆ ಕಣ್ಣು ಮುಚ್ಚಿಕೊಂಡಳೆಂಬಲ್ಲಿ ಎಲ್ಲವೂ ಇದೆ.

ದತ್ತಕದ ದಾರಿ ಇದಕ್ಕಿಂತ ನೇರವಾದದ್ದು. ಕೆಳದಿಯ ಚೆನ್ನಮ್ಮಾಜಿಯು ಬಸಪ್ಪನಾಯಕನನ್ನು ದತ್ತು ತೆಗೆದುಕೊಂಡು ರಾಜ್ಯವನ್ನು ಉಳಿಸಿದಳು. 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರಸರ್ಜನು ಮಕ್ಕಳಿಲ್ಲದೆ ತೀರಿಕೊಂಡಾಗ, ಅವನು ಮಾಡಿಕೊಂಡ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಅದೇ ಅಕ್ಟೋಬರಿನಲ್ಲಿ ಆತ ಕಿತ್ತೂರಿನ ಕೋಟೆಯ ಮುಂದೆ ಬಿದ್ದನು, ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಲಿಂಗೈಕ್ಯಳಾದಳು. ಆಕೆಯ ಕಾಳಗ ಸ್ವಾತಂತ್ರ್ಯದ ಕಾಳಗವೆಂದು ನಾವು ಹೇಳುತ್ತೇವೆ, ಸರಿಯಾಗಿಯೇ ಹೇಳುತ್ತೇವೆ. ಆದರೆ ರಕ್ತದಿಂದ ಬಾರದ ಮಗನೂ ಮಗನೇ ಎಂಬ ವಾದವೂ ಅದರೊಳಗಿತ್ತು. ಸಿರಸಂಗಿಯ ತ್ಯಾಗವೀರ ಲಿಂಗರಾಜರು ಶಿಗ್ಲಿಯಲ್ಲಿ ಹುಟ್ಟಿ ಸಿರಸಂಗಿಯ ದೇಸಗತಿಗೆ ದತ್ತಕರಾಗಿ ಬಂದವರು. ಅವರು ಬಿಟ್ಟುಹೋದ ಸಂಪತ್ತಿನಿಂದ ಓದಿದವರು ನಮ್ಮ ಓದುಗರ ಮನೆಗಳಲ್ಲಿಯೇ ಎಷ್ಟೋ ಜನರಿರಬೇಕು.

ಮಠಗಳ ಮಾತನ್ನು ಹೇಳಬೇಕಾಗಿಯೇ ಇಲ್ಲ. ವಿರಕ್ತಪೀಠದ ಪರಂಪರೆಯಲ್ಲಿ ಒಬ್ಬರಾದರೂ ಇನ್ನೊಬ್ಬರ ಹೊಟ್ಟೆಯಲ್ಲಿ ಹುಟ್ಟಿದವರಲ್ಲ. ಶಿಷ್ಯನನ್ನು ನಾವು ಗುರುವಿನ ಕರಕಮಲಸಂಜಾತನೆಂದು ಕರೆಯುತ್ತೇವೆ, ಕೈಯಿಂದ ಹುಟ್ಟಿದವನು. ಹೀಗೆ ಬೀಜವಿಲ್ಲದೆ ಬೆಳೆದ ವಂಶಗಳಿಗೆ ಹಬ್ಬಹರಿದಿನಗಳಲ್ಲಿ ಅಡ್ಡಬೀಳುವ ನಾವು, ಮನೆಗೆ ಹೋಗಿ ಸೊಸೆಯನ್ನು 'ವಂಶ ಉದ್ಧಾರ ಮಾಡಲಿಲ್ಲ' ಎಂದು ಹಂಗಿಸುವುದು ಎಂಥ ನಡೆ? ಶರಣರು ಜಾತಿ, ಜನನ, ಮರಣ, ರಜಸ್ಸು, ಉಚ್ಛಿಷ್ಟವೆಂಬ ಐದು ಸೂತಕಗಳನ್ನು ತೊಡೆದುಹಾಕಿದರು. ಕುಬುಸದ ಕಾರ್ಯಕ್ಕೆ ಕರೆಯದಿರುವುದು, ಉಡಿ ತುಂಬುವಲ್ಲಿ ದಾಟಿಹೋಗುವುದು, ತೊಟ್ಟಿಲಿನಲ್ಲಿ ಕೂಸನ್ನು ಹಾಕಲು ಅವಳ ಕೈ ಬೇಡವೆನ್ನುವುದು, ಈ ಆರನೆಯ ಸೂತಕವನ್ನು ನಾವೇ ಕಟ್ಟಿಕೊಂಡಿದ್ದೇವೆ.

ಈಗ ಕಠಿಣವಾದ ಪ್ರಶ್ನೆಯೊಂದಿದೆ. ಪರೀಕ್ಷೆಯಾಯಿತು, ಕೊರತೆ ಗಂಡನದೆಂದು ತಿಳಿಯಿತು ಎನ್ನೋಣ. ಎಷ್ಟೋ ಮನೆಗಳಲ್ಲಿ ಹೆಂಡತಿಯು ಆ ಕಾಗದವನ್ನು ಮಡಚಿ ಪೆಟ್ಟಿಗೆಯ ತಳದಲ್ಲಿ ಇಟ್ಟು, ದೋಷ ತನ್ನದೇ ಎಂದು ಅತ್ತೆಗೂ ನೆಗೆಣ್ಣಿಯರಿಗೂ ಹೇಳಿಬಿಡುತ್ತಾಳೆ. ಗಂಡನು ನಾಲ್ಕು ಜನರಲ್ಲಿ ತಲೆತಗ್ಗಿಸಬಾರದೆಂಬುದು ಅವಳ ಪ್ರೀತಿ. ಇಂಥವಳನ್ನು ಸಾಧ್ವಿಯೆಂದು ಹೊಗಳುವವರುಂಟು. ಅವಳ ಅಂತಃಕರಣಕ್ಕೆ ನಾನೂ ನಮಿಸುತ್ತೇನೆ. ಆದರೆ ಕೊಡುವವಳ ಗುಣ ದೊಡ್ಡದಾದ ಮಾತ್ರಕ್ಕೆ ತೆಗೆದುಕೊಳ್ಳುವವನ ನಡೆ ಸರಿಯಾಗುವುದಿಲ್ಲ. ಪರರ ಸಾಲವನ್ನು ಹೆಂಡತಿಯು ತನ್ನ ತಾಳಿಯನ್ನು ಮಾರಿ ತೀರಿಸಿದರೆ ಅವಳನ್ನು ಹೊಗಳೋಣ, ಅದನ್ನು ಮಾರಲು ಬಿಟ್ಟು ಸುಮ್ಮನೆ ಕುಳಿತ ಗಂಡನನ್ನು ಏನೆನ್ನೋಣ? ದಿನವೂ ಅವಳು ಮಾತು ಕೇಳುವಾಗ ಪಕ್ಕದ ಕೋಣೆಯಲ್ಲಿ ಕುಳಿತು ಕೇಳಿಸಿಕೊಳ್ಳುವವನು, ಕಾಯಕದಲ್ಲಿ ಎಷ್ಟು ಪ್ರಾಮಾಣಿಕನಾಗಿದ್ದರೂ, ಅವಳ ಬಾಳಿನ ಮೇಲೆ ಒಂದು ಸುಳ್ಳನ್ನು ಬಡ್ಡಿಗೆ ಬಿಟ್ಟಿದ್ದಾನೆ.

ಹಾಗಾದರೆ ಊರಿಗೆಲ್ಲ ಡಂಗುರ ಹೊಡೆಯಬೇಕೇ? ಬೇಡ. ದೇಹದ ಗುಟ್ಟು ಊರ ಸೊತ್ತಲ್ಲ. 'ನಮಗೆ ಮಕ್ಕಳಾಗಲಿಲ್ಲ, ಇದು ನಮ್ಮಿಬ್ಬರ ಸಂಗತಿ' ಎಂದು ಗಂಡನು ಒಮ್ಮೆ ಗಟ್ಟಿಯಾಗಿ ಹೇಳಿದರೆ ಊರಿಗೆ ಅಷ್ಟು ಸಾಕು. ಆದರೆ ತಾಯಿಯ ಮುಂದೆ ಅಷ್ಟು ಸಾಲದು. ಅಲ್ಲಿ ನಿಜವನ್ನೇ ಹೇಳಬೇಕು, ಏಕೆಂದರೆ ಸುಳ್ಳಿನ ಏಟು ಬೀಳುತ್ತಿರುವುದು ಅಲ್ಲಿ. ದತ್ತು ತೆಗೆದುಕೊಳ್ಳುವವರಿಗೆ 1956ರ ಕಾಯಿದೆಯು ಗಂಡುಹೆಣ್ಣೆಂಬ ಭೇದವಿಲ್ಲದೆ ಅವಕಾಶ ಕೊಟ್ಟಿದೆ. ಅದು ಲಿಂಗಾಯತರಿಗೂ ಅನ್ವಯಿಸುತ್ತದೆಂದು ಹೆಸರಿಸಿಯೇ ಹೇಳಿದೆ. ದಾನಿಯ ವೀರ್ಯದಿಂದ ಮಗುವನ್ನು ಪಡೆದವರಿಗೂ 2021ರ ಕಾಯಿದೆ ಆಸರೆಯಾಗಿದೆ: ಹಾಗೆ ಹುಟ್ಟಿದ ಮಗು ಆ ದಂಪತಿಗಳದೇ, ದಾನಿಗೆ ಅದರ ಮೇಲೆ ಯಾವ ಹಕ್ಕೂ ಇಲ್ಲ. ಕಾನೂನು ಒಪ್ಪಿದ ಮಗುವಿಗೆ ತನ್ನ ಹುಟ್ಟಿನ ಬಗೆಯನ್ನು ಯಾವಾಗ, ಯಾರು ಹೇಳಬೇಕೆಂಬುದು ಮಾತ್ರ ತಂದೆತಾಯಿಗಳ ಪಾಲಿಗೇ ಉಳಿದಿದೆ. ಮದುವೆಯ ಹಿಂದಿನ ದಿನ ನೆಂಟರ ಬಾಯಿಂದ ತಿಳಿಯುವುದಕ್ಕಿಂತ, ತಿಳಿವು ಬಂದ ವಯಸ್ಸಿನಲ್ಲಿ ತಂದೆಯ ಬಾಯಿಂದಲೇ ತಿಳಿಯುವುದು ಲೇಸು.

ಕೊನೆಗೆ ಉಳಿಯುವವನು ತಮ್ಮ. ಅಣ್ಣನ ವೈ ತಂತುವಿನಲ್ಲಿ ಲೋಪವಿದೆಯೆಂದು ತಿಳಿದಿದೆ; ತಮ್ಮನಿಗೆ ಕನ್ಯೆ ನೋಡುತ್ತಿದ್ದಾರೆ. ಅಂಥ ಲೋಪ ಬಹುಮಟ್ಟಿಗೆ ಅಣ್ಣನಲ್ಲಿಯೇ ಹೊಸದಾಗಿ ಉಂಟಾದದ್ದಿರುತ್ತದೆ. ಅಪರೂಪಕ್ಕೆ ತಂದೆಯಿಂದ ಬಂದದ್ದಿದ್ದರೆ ತಮ್ಮನಲ್ಲಿಯೂ ಇರುತ್ತದೆ. ಒಂದು ರಕ್ತಪರೀಕ್ಷೆಯಿಂದ ಅದು ತಿಳಿಯುತ್ತದೆ. ಬೀಗರಿಗೆ ಹೇಳಬೇಕೇ ಬೇಡವೇ ಎಂಬುದು ಆಮೇಲಿನ ಮಾತು, ಅದನ್ನು ನಿರ್ಧರಿಸಬೇಕಾದವನು ತಮ್ಮ. ಆದರೆ ತಿಳಿಯದೆ ಅವನು ಏನನ್ನೂ ನಿರ್ಧರಿಸಲಾರ. ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಅವನನ್ನು ಹೊಲದ ಬದುವಿನ ಮೇಲೆ ಕೂರಿಸಿಕೊಂಡು ಅಣ್ಣನೇ ಇದನ್ನು ಹೇಳಬೇಕು. ಅತ್ತಿಗೆಯ ಬಾಯಿಂದ ಹೇಳಿಸಬಾರದು.